ಯಾರಿಂದ ಕೊಂಡರು? ಒಂದು ಊರಿನ ವಿಕಿಪೀಡಿಯ ಪುಟ ತಿದ್ದುತ್ತಾ

ಕೊಲಂಬಸ್ ಅಂದ ತಕ್ಷಣ ಎಲ್ಲರೂ ಒಹಾಯೋದ್ದು ಅಂದುಕೊಳ್ಳುತ್ತಾರೆ. ಅದು ದೊಡ್ಡ ಊರು, ಆ ರಾಜ್ಯದ ರಾಜಧಾನಿಯೂ ಹೌದು. ನಾನಿರುವುದು ಇಂಡಿಯಾನಾದ ಕೊಲಂಬಸ್‌ನಲ್ಲಿ. ಇಂಡಿಯಾನಾಪೊಲಿಸ್‌ನಿಂದ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರ್. 2020ರ ಜನಗಣತಿಯಲ್ಲಿ 50,474 ಜನ. ನಮ್ಮ ಕಡೆಯ ಲೆಕ್ಕದಲ್ಲಿ ಒಂದು ಸಾಧಾರಣ ತಾಲೂಕು ಕೇಂದ್ರ, ಅಷ್ಟೇ. ಸುತ್ತ ಮೆಕ್ಕೆಜೋಳ ಮತ್ತು ಸೋಯಾ ಹೊಲ, ನಡುವೆ ಹಳೇ ಕೋರ್ಟು ಕಟ್ಟಡ, ಹೆದ್ದಾರಿ ಪಕ್ಕ ದೊಡ್ಡ ದೊಡ್ಡ ಅಂಗಡಿಗಳು. ಅಮೆರಿಕದ ಮಧ್ಯಪಶ್ಚಿಮದಲ್ಲಿ ಹೀಗಿರುವ ಊರುಗಳಿಗೆ ಲೆಕ್ಕವಿಲ್ಲ.

ಈ ಊರಿನ ಬಗ್ಗೆ ವಿಕಿಪೀಡಿಯದಲ್ಲಿರುವ ಇಂಗ್ಲಿಷ್ ಪುಟವನ್ನು ಬಿಡುವಾದಾಗ ತಿದ್ದುವುದು ನನ್ನ ಹವ್ಯಾಸ. ಮನೆಯವರಿಗೆ ಇದು ಅರ್ಥವಾಗುವುದಿಲ್ಲ. ದುಡ್ಡಿಲ್ಲ, ಹೆಸರಿಲ್ಲ. ನಾನು ಬರೆದ ಸಾಲನ್ನು ನಾಳೆ ಬೆಳಗ್ಗೆ ಯಾರೋ ಅಪರಿಚಿತರು ಅಳಿಸಿರಬಹುದು. ಆದರೂ ಕೂತು ಮಾಡುತ್ತೇನೆ. ಯಾಕೆ ಅಂತ ಕೇಳಿದರೆ ದೊಡ್ಡ ಉತ್ತರವೇನೂ ಇಲ್ಲ. ಒಂದು ಊರಿನಲ್ಲಿ ವರ್ಷಗಟ್ಟಲೆ ಇದ್ದು, ಅದು ಹೇಗೆ ಆಯಿತು ಅಂತ ಗೊತ್ತಿಲ್ಲದೆ ಓಡಾಡುವುದು ನನಗೆ ಸರಿ ಬರಲ್ಲ.

ಇಂಥ ಊರಿನ ಪುಟಗಳಿಗೆ ಒಂದು ವಿಚಿತ್ರ ಹುಟ್ಟುಕತೆ ಇದೆ. 2002ರ ಅಕ್ಟೋಬರ್‌ನಲ್ಲಿ ರಾಂಬಾಟ್ ಅನ್ನುವ ಪ್ರೋಗ್ರಾಂ ಒಂದು 2000ದ ಜನಗಣತಿಯ ಅಂಕಿಗಳನ್ನು ಎತ್ತಿಕೊಂಡು, ಅಮೆರಿಕದ ಸುಮಾರು 30 ಸಾವಿರ ಊರುಗಳಿಗೆ ಸಾಲಾಗಿ ಪುಟ ಸೃಷ್ಟಿಸುತ್ತಾ ಹೋಯಿತು. ಆಗಿನ್ನೂ ವಿಕಿಪೀಡಿಯಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ಇಷ್ಟು ಜನ, ಇಷ್ಟು ಮನೆ, ಇಷ್ಟು ಕುಟುಂಬ, ಚದರ ಮೈಲಿಗೆ ಇಷ್ಟು ಮಂದಿ. ಊರು ಬೇರೆ, ಅಂಕಿ ಬೇರೆ, ವಾಕ್ಯ ಮಾತ್ರ ಅದೇ. ಇವತ್ತಿಗೂ ಅಮೆರಿಕದ ಯಾವ ಸಣ್ಣ ಊರಿನ ಪುಟ ತೆಗೆದರೂ ಜನಸಂಖ್ಯೆಯ ಭಾಗದಲ್ಲಿ ಆ ದನಿ ಕೇಳುತ್ತದೆ. ಇದರ ಬಗ್ಗೆ ಆಗ ದೊಡ್ಡ ಜಗಳವೇ ಆಗಿತ್ತು. ಯಂತ್ರ ಬರೆದದ್ದು ವಿಶ್ವಕೋಶವೇ ಅಂತ ಕೆಲವರು. ಖಾಲಿ ಜಾಗಕ್ಕಿಂತ ಒಂದು ಸಾಲಾದರೂ ಇದ್ದರೆ ಜನ ಬಂದು ತಿದ್ದುತ್ತಾರೆ ಅಂತ ಇನ್ನು ಕೆಲವರು. ಎರಡನೆಯವರು ಹೇಳಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ಖಾಲಿ ಪುಟದ ಮುಂದೆ ಕೂರುವುದು ಕಷ್ಟ. ತಪ್ಪು ಕಂಡರೆ ಕೈ ತಾನಾಗಿ ಹೋಗುತ್ತದೆ.

ಅಂಕಿಗಳ ತೊಂದರೆ ಬೇರೆ. 2000ದಲ್ಲಿ 39,059, 2010ರಲ್ಲಿ 44,061, 2020ರಲ್ಲಿ 50,474. ಮೂರನ್ನೂ ಒಂದರ ಕೆಳಗೊಂದು ಹಾಕಿದರೆ ಪುಟಕ್ಕೆ ಅಷ್ಟು ಸಾಕು. ಆದರೆ ಓದುವವರಿಗೆ ಸಾಕಾಗುವುದಿಲ್ಲ. ಮಧ್ಯಪಶ್ಚಿಮದ ಎಷ್ಟೋ ಊರುಗಳು ಫ್ಯಾಕ್ಟರಿ ಮುಚ್ಚಿ ಖಾಲಿಯಾಗುತ್ತಿರುವಾಗ ಈ ಊರು ಇಪ್ಪತ್ತು ವರ್ಷದಲ್ಲಿ ಹನ್ನೊಂದು ಸಾವಿರ ಜನರನ್ನು ಸೇರಿಸಿಕೊಂಡಿದ್ದು ಹೇಗೆ? ಬಂದವರು ಯಾರು? ಇದು ನನಗೆ ಅಂಟಿಕೊಂಡ ಪ್ರಶ್ನೆ. ಪುಟದ ಯಾವ ಸಾಲು ಓದಿದರೂ ಈಗ ಮೊದಲು ಬಾಯಿಗೆ ಬರುವುದು ಇದೇ: ಯಾರು?

ಅದಕ್ಕಿಂತ ಮುಂಚೆ ಕಸ ಗುಡಿಸುವ ಕೆಲಸ ಇರುತ್ತದೆ. ಊರಿನ ಪುಟಗಳಿಗೆ ಹೊಗಳಿಕೆ ಬೇಗ ಹತ್ತುತ್ತದೆ. ವಿಶ್ವವಿಖ್ಯಾತ, ಅಪೂರ್ವ, ಕಣ್ಮನ ಸೆಳೆಯುವ. ಕನ್ನಡ ವಿಕಿಪೀಡಿಯದಲ್ಲಿ ಹಳ್ಳಿಗಳ ಪುಟ ಓದಿದವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮಲ್ಲಿ ಎಲ್ಲ ಹಳ್ಳಿಗಳೂ ಪ್ರಕೃತಿಯ ಮಡಿಲಲ್ಲೇ ಇರುತ್ತವೆ, ಎಲ್ಲ ಊರಿನ ಜನರೂ ಶ್ರಮಜೀವಿಗಳೇ ಅಲ್ವಾ! ಇಲ್ಲೂ ಅಷ್ಟೇ, ಭಾಷೆ ಬೇರೆ. ಕೊಲಂಬಸ್‌ಗೆ 'ಪ್ರೈರಿಯ ಅಥೆನ್ಸ್', ಅಂದರೆ ಹುಲ್ಲುಬಯಲಿನ ಅಥೆನ್ಸ್, ಅಂತ ಅಡ್ಡಹೆಸರೇ ಇದೆ. ಅಡ್ಡಹೆಸರು ಇದೆ ಅಂತ ಹೇಳಬಹುದು, ಅದು ಸಂಗತಿ. ಅಥೆನ್ಸ್ ಥರ ಇದೆ ಅಂತ ನಾವೇ ಹೇಳಬಾರದು. ಹಾಗೇ ಇನ್ನೊಂದು ಮಾತು: ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ವಾಸ್ತುಶಿಲ್ಪದಲ್ಲಿ ಈ ಊರಿಗೆ ದೇಶದಲ್ಲೇ ಆರನೇ ಸ್ಥಾನ ಕೊಟ್ಟಿದೆ ಅನ್ನುವುದು. ಪ್ರವಾಸಿಗರ ಕೈಪಿಡಿ, ಪತ್ರಿಕೆ, ಬ್ಲಾಗು ಎಲ್ಲಾ ಕಡೆ ಸಿಗುತ್ತದೆ. ಶಿಕಾಗೋ, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ, ಬೋಸ್ಟನ್, ವಾಷಿಂಗ್ಟನ್ ಆದ ಮೇಲೆ ನಮ್ಮೂರು ಅಂತೆ. ಅದು 1991ರ ಮಾತು. ಇಸವಿ ಕಿತ್ತು ಹಾಕಿದರೆ ಈಗಲೂ ಪ್ರತಿ ವರ್ಷ ಪಟ್ಟಿ ಹಾಕಿ ಆರನೇ ಸ್ಥಾನ ಕೊಡುತ್ತಿದ್ದಾರೇನೋ ಅನ್ನಿಸುತ್ತದೆ. ಇಸವಿ ಹಾಕಿದೆ. ವಾಕ್ಯ ತಣ್ಣಗಾಯಿತು.

ಇನ್ನು ಕಟ್ಟಡಗಳು. ಈ ಊರಿನ ಬಗ್ಗೆ ಬರೆಯುವವರೆಲ್ಲ ಇಲ್ಲಿಗೇ ಬಂದು ನಿಲ್ಲುತ್ತಾರೆ, ಅದು ಸಹಜ. ವಾಸ್ತುಶಿಲ್ಪಿ ಎಲಿಯೆಲ್ ಸಾರಿನೆನ್ 1942ರಲ್ಲಿ ಕಟ್ಟಿದ ಫಸ್ಟ್ ಕ್ರಿಶ್ಚಿಯನ್ ಚರ್ಚ್ ಇಲ್ಲಿದೆ. ಅವರ ಮಗ ಈರೋ ಸಾರಿನೆನ್ ಮಾಡಿದ ಬ್ಯಾಂಕು, ಮನೆ, ಆರು ಮೂಲೆಯ ಇನ್ನೊಂದು ಚರ್ಚು ಇವೆ. ಐ. ಎಂ. ಪೇ ಅವರ ಗ್ರಂಥಾಲಯ ಇದೆ. ಇಷ್ಟು ಸಣ್ಣ ಊರಲ್ಲಿ ಏಳು ರಾಷ್ಟ್ರೀಯ ಚಾರಿತ್ರಿಕ ಸ್ಮಾರಕಗಳಿವೆ. ಏಳೂ ಇಪ್ಪತ್ತನೇ ಶತಮಾನದವು. ಕಚೇರಿಗೆ ಹೋಗುವ ದಾರಿಯಲ್ಲೇ ಎರಡು ಮೂರು ಸಿಗುತ್ತವೆ.

ಇದೆಲ್ಲ ಹೇಗೆ ಬಂತು ಅಂದರೆ ಊರಲ್ಲಿ ಯಾರೂ ತಡಮಾಡದೆ ಹೇಳುತ್ತಾರೆ, ಕಮ್ಮಿನ್ಸ್ ಕಟ್ಟಿಸಿತು ಅಂತ. ಡೀಸೆಲ್ ಎಂಜಿನ್ ಮಾಡುವ ಕಮ್ಮಿನ್ಸ್. 1919ರಲ್ಲಿ ಕ್ಲೆಸ್ಸಿ ಕಮ್ಮಿನ್ಸ್ ಶುರು ಮಾಡಿದ್ದು. ಕ್ಲೆಸ್ಸಿ ಇಲ್ಲಿನ ಬ್ಯಾಂಕರ್ ಡಬ್ಲ್ಯೂ. ಜಿ. ಇರ್ವಿನ್ ಅವರ ಕಾರು ಓಡಿಸುತ್ತಿದ್ದವರು, ರಿಪೇರಿಯನ್ನೂ ಮಾಡುತ್ತಿದ್ದವರು. ದುಡ್ಡು ಹಾಕಿದ್ದು ಇರ್ವಿನ್. ಮುಂದೆ ಅದೇ ಮನೆತನದ ಜೆ. ಇರ್ವಿನ್ ಮಿಲ್ಲರ್ ಕಂಪನಿ ನಡೆಸಿದರು.

ಎರಡನೇ ಮಹಾಯುದ್ಧದ ನಂತರ ಊರಲ್ಲಿ ಮಕ್ಕಳು ಜಾಸ್ತಿಯಾದರು, ಬೇಗ ಬೇಗ ಶಾಲೆಗಳು ಬೇಕಾದವು. ಆಗ ಮಿಲ್ಲರ್ ಶಾಲಾ ಮಂಡಳಿಗೆ ಒಂದು ಮಾತು ಕೊಟ್ಟರು. ಒಳ್ಳೆಯ ವಾಸ್ತುಶಿಲ್ಪಿಗಳ ಪಟ್ಟಿ ನಾವು ಕೊಡುತ್ತೇವೆ, ಅದರಲ್ಲಿ ನಿಮಗೆ ಬೇಕಾದವರನ್ನು ಆರಿಸಿಕೊಳ್ಳಿ, ಅವರ ಶುಲ್ಕವನ್ನು ಕಂಪನಿಯ ಪ್ರತಿಷ್ಠಾನ ಕಟ್ಟುತ್ತದೆ. ಹಾಗೆ ಬಂದ ಮೊದಲ ಕಟ್ಟಡ ಹ್ಯಾರಿ ವೀಸ್ ವಿನ್ಯಾಸ ಮಾಡಿದ ಲಿಲಿಯನ್ ಸ್ಮಿಟ್ ಶಾಲೆ, 1957ರಲ್ಲಿ. ಆಮೇಲೆ ಇದೇ ಕರಾರು ಬೇರೆ ಸಾರ್ವಜನಿಕ ಕಟ್ಟಡಗಳಿಗೂ ಬಂತು. 1968ರಲ್ಲಿ ರಾಬರ್ಟ್ ವೆಂಚುರಿ ಒಂದು ಅಗ್ನಿಶಾಮಕ ಠಾಣೆ ಮಾಡಿಕೊಟ್ಟರು. ಕೊನೆಗೆ ಜೈಲಿಗೂ ಹೆಸರಾಂತ ವಾಸ್ತುಶಿಲ್ಪಿ ಬಂದರು.

ಗಮನಿಸಿ, ಪ್ರತಿಷ್ಠಾನ ಕೊಟ್ಟದ್ದು ವಾಸ್ತುಶಿಲ್ಪಿಯ ಶುಲ್ಕ. ಇಟ್ಟಿಗೆ, ಕಾಂಕ್ರೀಟು, ಗಾಜು, ಕೂಲಿ ಯಾವುದಕ್ಕೂ ಅಲ್ಲ. ಅದು ಊರಿನವರ ತೆರಿಗೆ ದುಡ್ಡು. ಒಂದು ಕಟ್ಟಡದ ಒಟ್ಟು ಖರ್ಚಿನಲ್ಲಿ ವಾಸ್ತುಶಿಲ್ಪಿಯ ಪಾಲು ಸಣ್ಣದು. ಅಂದರೆ ಕಂಪನಿ ಕಟ್ಟಿಸಿತು ಅನ್ನುವುದು ಅರ್ಧ ನಿಜ. ಇಲ್ಲಿ ರೈತರು, ಅಂಗಡಿಯವರು, ಎಂಜಿನ್ ಜೋಡಿಸುವ ಕೆಲಸಗಾರರು ಕಟ್ಟಿದ ತೆರಿಗೆಯಲ್ಲಿ ಆ ಶಾಲೆಗಳು ಎದ್ದವು. ಇದರಿಂದ ಮಿಲ್ಲರ್ ದೊಡ್ಡತನಕ್ಕೆ ಏನೂ ಕಮ್ಮಿಯಾಗಲ್ಲ. ನನ್ನ ಪ್ರಕಾರ ಜಾಣತನ ಇರುವುದೇ ಅಲ್ಲಿ: ಹೇಗಿದ್ದರೂ ಖರ್ಚಾಗುವ ದುಡ್ಡು ಕೆಟ್ಟ ಕಟ್ಟಡಕ್ಕೆ ಹೋಗದ ಹಾಗೆ ಸ್ವಲ್ಪ ಹಣ ಹಾಕಿ ದಿಕ್ಕು ತಿರುಗಿಸಿದರು. ಸಣ್ಣ ಊರಿಗೆ ಒಳ್ಳೆಯ ಎಂಜಿನಿಯರುಗಳನ್ನು ಕರೆತರಬೇಕಾದರೆ ಒಳ್ಳೆಯ ಶಾಲೆ ಬೇಕು ಅನ್ನುವ ಲೆಕ್ಕಾಚಾರವೂ ಇತ್ತು. ಆದರೆ 'ಕಮ್ಮಿನ್ಸ್ ಕಟ್ಟಿಸಿತು' ಅಂತ ಬರೆದ ತಕ್ಷಣ ಊರಿನವರೆಲ್ಲ ವಾಕ್ಯದಿಂದ ಹೊರಗೆ ಹೋಗಿಬಿಡುತ್ತಾರೆ. ಶುಲ್ಕ ಯಾರದ್ದು, ಕಟ್ಟಡದ ಖರ್ಚು ಯಾರದ್ದು ಅಂತ ಬಿಡಿಸಿ ಬರೆದೆ. ಒಬ್ಬರು ಬಂದು ಅಷ್ಟು ವಿವರ ಬೇಕಾ ಅಂದರು. ಬೇಕು ಅಂದೆ. ಚರ್ಚೆ ಪುಟದಲ್ಲಿ ಸ್ವಲ್ಪ ಎಳೆದಾಡಿ ಕೊನೆಗೆ ಸಾಲು ಉಳಿಯಿತು. ಚರ್ಚುಗಳ ದುಡ್ಡು ಇನ್ನೊಂದು ಕತೆ, ಅವು ಈ ಕರಾರಿನಲ್ಲಿ ಬರುವುದಿಲ್ಲ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವವರು ಬಹಳ.

ಆಧಾರ ಹುಡುಕುವುದಕ್ಕೆ ನಾನು ಹೋಗುವುದು ಪೇ ಅವರ ಗ್ರಂಥಾಲಯಕ್ಕೇ. 1969ರದ್ದು, ಕೆಂಪು ಇಟ್ಟಿಗೆ, ಮುಂದೆ ಅಂಗಳದಲ್ಲಿ ಶಿಲ್ಪಿ ಹೆನ್ರಿ ಮೂರ್ ಮಾಡಿದ ದೊಡ್ಡ ಕಂಚಿನ ಕಮಾನು. ಅದರ ಕಾಲುಗಳ ನಡುವೆ ಮಕ್ಕಳು ಓಡಾಡುತ್ತಿರುತ್ತಾರೆ. ಒಳಗೆ ಹಳೇ ಪತ್ರಿಕೆಗಳ ಮೈಕ್ರೋಫಿಲಂ ಹಾಕಿಕೊಂಡು ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಬೇಕಾದದ್ದು ಶಾಲಾ ಮಂಡಳಿಯ ಸುದ್ದಿ. ಕಣ್ಣು ಹೋಗುವುದು ಪಕ್ಕದ ಕಾಲಂನ ಮೊಟ್ಟೆ ರೇಟಿನ ಕಡೆ, ಯಾರದೋ ಹಸು ತಪ್ಪಿಸಿಕೊಂಡ ಸುದ್ದಿಯ ಕಡೆ. ಒಂದು ಅಡಿಟಿಪ್ಪಣಿಗೆ ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ ಬೇಕು. ಬರೆದುಕೊಂಡು ಮನೆಗೆ ಬಂದು ಹಾಕಿದರೆ ಪುಟದಲ್ಲಿ ಕಾಣುವುದು ಒಂದು ಪುಟ್ಟ ಅಂಕಿ. ಇಂಟರ್‌ನೆಟ್ ಕೊಂಡಿಗಳದ್ದು ಇನ್ನೂ ಗೋಳು. ಐದಾರು ವರ್ಷದಲ್ಲಿ ಸತ್ತುಹೋಗುತ್ತವೆ. ಹಳೇ ಜಾಲಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನ್‌ನಲ್ಲಿ ಹಳೇ ಪ್ರತಿ ಸಿಕ್ಕರೆ ಪುಣ್ಯ.

ಈಗ ಟಿಪ್ಟನ್ ವಿಷಯ. ಇದರ ಬಗ್ಗೆ ನಾನು ತಲೆ ಕೆಡಿಸಿಕೊಂಡಷ್ಟು ಬೇರೆ ಯಾವುದಕ್ಕೂ ಕೆಡಿಸಿಕೊಂಡಿಲ್ಲ.

ಊರಿನ ಚರಿತ್ರೆ ಎಲ್ಲಾ ಕಡೆ ಹೀಗೆ ಶುರುವಾಗುತ್ತದೆ: 1820ರಲ್ಲಿ ಜನರಲ್ ಜಾನ್ ಟಿಪ್ಟನ್ ಮತ್ತು ಲ್ಯೂಕ್ ಬೋನ್‌ಸ್ಟೀಲ್ ಇಲ್ಲಿ ಜಾಗ ಕೊಂಡರು. ಟಿಪ್ಟನ್ ಗುಡ್ಡದ ಮೇಲೆ ಮರದ ದಿಮ್ಮಿಗಳ ಮನೆ ಕಟ್ಟಿಕೊಂಡರು. ಊರಿಗೆ ಟಿಪ್ಟೋನಾ ಅಂತ ಹೆಸರಾಯಿತು. 1821ರ ಮಾರ್ಚ್ 20ರಂದು ಅದನ್ನು ಬದಲಿಸಿ ಕೊಲಂಬಸ್ ಅಂತ ಮಾಡಿದರು. ಟಿಪ್ಟನ್‌ಗೆ ಸಿಟ್ಟು ಬಂತು, ಊರು ಬಿಟ್ಟು ಹೋದರು. ಆ ಸಿಟ್ಟಿನ ಕತೆಗೆ ಆಧಾರ ಯಾವುದೂ ಇಲ್ಲ. ಆದರೆ ಹೇಳುವುದಕ್ಕೆ ಮಜವಾಗಿದೆ, ಅದಕ್ಕೇ ಉಳಿದಿದೆ. 'ಹಾಗಂತ ಜನ ಹೇಳುತ್ತಾರೆ, ಪುರಾವೆ ಇಲ್ಲ' ಅಂತ ಬರೆದರೆ ಆ ಕತೆಗೆ ನ್ಯಾಯ ಸಲ್ಲುತ್ತದೆ.

ನನಗೆ ಸಿಕ್ಕಿಹಾಕಿಕೊಂಡದ್ದು ಮೊದಲ ಸಾಲಿನಲ್ಲಿ. ಜಾಗ ಕೊಂಡರು. ಯಾರಿಂದ?

ಕಾಗದದ ಪ್ರಕಾರ ಸರ್ಕಾರದಿಂದ. ಸರ್ಕಾರಕ್ಕೆ ಎಲ್ಲಿಂದ ಬಂತು ಅಂದರೆ 1818ರ ಅಕ್ಟೋಬರ್‌ನಲ್ಲಿ ಒಹಾಯೋದ ಸೇಂಟ್ ಮೇರೀಸ್‌ನಲ್ಲಿ ಆದ ಒಪ್ಪಂದಗಳಿಂದ. ಇಂಡಿಯಾನಾದ ನಡುಭಾಗದ ದೊಡ್ಡ ಪ್ರದೇಶವನ್ನು ಲೆನಾಪಿ, ಮಿಯಾಮಿ ಮುಂತಾದ ಮೂಲನಿವಾಸಿಗಳು ಅದರಲ್ಲಿ ಬಿಟ್ಟುಕೊಟ್ಟರು. ಬಿಳಿಯರು ಆ ನೆಲವನ್ನು 'ಹೊಸ ಖರೀದಿ' ಅಂತ ಕರೆದರು. ಲೆನಾಪಿಗಳು ಮಿಸಿಸಿಪ್ಪಿ ನದಿಯ ಆಚೆಗೆ ಹೋಗಬೇಕು, ಹೋಗುವುದಕ್ಕೆ ಮೂರು ವರ್ಷ ಸಮಯ ಅಂತ ಕರಾರು. 1818ಕ್ಕೆ ಮೂರು ಸೇರಿಸಿ. ಟಿಪ್ಟನ್ ಜಾಗ ಕೊಂಡಾಗ ಆ ಗಡುವು ಇನ್ನೂ ಮುಗಿದಿರಲಿಲ್ಲ.

ಇದನ್ನು ನಾನು ಪುಟದಲ್ಲಿ ಬರೆಯುವ ಹಾಗಿಲ್ಲ. ವಿಕಿಪೀಡಿಯದ ನಿಯಮ ಹಾಗಿದೆ. ಒಪ್ಪಂದದ ಕರಾರಿಗೆ ಆಧಾರ ಕೊಡಬಹುದು, ಟಿಪ್ಟನ್ ಖರೀದಿಗೆ ಆಧಾರ ಕೊಡಬಹುದು. ಎರಡನ್ನೂ ಜೋಡಿಸಿ ಮೂರನೇ ಮಾತು ಹೇಳಬೇಕಾದರೆ ಅದನ್ನು ಬೇರೆ ಯಾರೋ ಈಗಾಗಲೇ ಅಚ್ಚಿನಲ್ಲಿ ಹೇಳಿರಬೇಕು. ಸ್ವಂತ ಸಂಶೋಧನೆ ಕೂಡದು. ಮೊದಮೊದಲು ಇದು ಸಿಟ್ಟು ತರಿಸುತ್ತಿತ್ತು. ಬೆರಳಲ್ಲಿ ಎಣಿಸುವ ಲೆಕ್ಕ, ಅದಕ್ಕೂ ಸಾಕ್ಷಿ ಬೇಕಾ ಅಂತ. ಆದರೆ ಈ ನಿಯಮ ಇಲ್ಲದಿದ್ದರೆ ಏನಾಗುತ್ತದೆ ಅಂತ ವಾಟ್ಸಾಪ್ ನೋಡಿದವರಿಗೆಲ್ಲ ಗೊತ್ತು. ಅಲ್ಲಿ ಎಲ್ಲರೂ ಎರಡು ಸಂಗತಿ ಜೋಡಿಸಿ ಮೂರನೆಯದನ್ನು ಹುಟ್ಟಿಸುವವರೇ. ಜೊತೆಗೆ ನನ್ನ ಲೆಕ್ಕದಲ್ಲಿ ಒಂದು ಸಡಿಲು ಗಂಟೂ ಇದೆ. ಲೆನಾಪಿಗಳ ಮುಖ್ಯ ಹಳ್ಳಿಗಳಿದ್ದದ್ದು ಇಲ್ಲಿಂದ ಉತ್ತರಕ್ಕೆ, ವೈಟ್ ನದಿಯ ಇನ್ನೊಂದು ಕವಲಿನ ದಡದಲ್ಲಿ. ಗಡುವಿನ ಮಾತು ಸರಿ ಇದ್ದರೂ, ಈ ಗುಡ್ಡದ ಮೇಲೆ ಆಗ ಯಾರಿದ್ದರು ಅನ್ನುವುದನ್ನು ಅದು ಹೇಳುವುದಿಲ್ಲ. ಹಾಗಾಗಿ ಒಪ್ಪಂದದ ಸಾಲನ್ನು ಮೊದಲು ಇಟ್ಟೆ, ಖರೀದಿಯ ಸಾಲನ್ನು ನಂತರ. ಇಸವಿಗಳು ಪಕ್ಕಪಕ್ಕದಲ್ಲೇ ಇವೆ. ಓದುವವರಿಗೂ ಕೂಡಿಸುವುದು ಬರುತ್ತದೆ.

ಟಿಪ್ಟನ್ ಕತೆ ಇಲ್ಲಿಗೆ ಮುಗಿಯಲ್ಲ. 1838ರಲ್ಲಿ ಇಂಡಿಯಾನಾದ ಉತ್ತರದಲ್ಲಿದ್ದ ಪಟವಾಟಮಿ ಜನರನ್ನು ಬಂದೂಕು ತೋರಿಸಿ ಕಾನ್ಸಸ್‌ವರೆಗೆ ನಡೆಸಿಕೊಂಡು ಹೋಗುವಾಗ ಪಡೆ ಕಟ್ಟಿಕೊಂಡು ಹೊರಡಿಸಿದ್ದು ಇದೇ ಟಿಪ್ಟನ್. ಆಗ ಅವರು ಅಮೆರಿಕದ ಸೆನೆಟರ್. ಹೊರಟವರು 850ಕ್ಕೂ ಹೆಚ್ಚು ಜನ. ಎರಡು ತಿಂಗಳ ದಾರಿಯಲ್ಲಿ 40ಕ್ಕೂ ಹೆಚ್ಚು ಮಂದಿ ಸತ್ತರು, ಅದರಲ್ಲಿ ಹೆಚ್ಚಿನವರು ಮಕ್ಕಳು. 'ಸಾವಿನ ಹಾದಿ' ಅಂತಲೇ ಅದಕ್ಕೆ ಹೆಸರು.

ಇದು ಕೊಲಂಬಸ್ ಊರಿನ ಪುಟದಲ್ಲಿ ಇರಬೇಕಾ? ನನಗೆ ಇವತ್ತಿಗೂ ಎರಡು ಮನಸ್ಸು. ಬೇಡ ಅನ್ನುವವರ ವಾದ ಗಟ್ಟಿಯಾಗಿದೆ. ಘಟನೆ ಇಲ್ಲಿ ನಡೆದದ್ದಲ್ಲ, ಟಿಪ್ಟನ್ ಇಲ್ಲಿಂದ ಹೋಗಿ ಹದಿನೈದು ವರ್ಷದ ಮೇಲೆ ಆಗಿತ್ತು, ಅದಕ್ಕೆ ಟಿಪ್ಟನ್ ಪುಟವೇ ಬೇರೆ ಇದೆ. ಆದರೆ ಹೆಸರು ಬದಲಿಸಿದ್ದಕ್ಕೆ ಮುನಿಸಿಕೊಂಡ ಜನರಲ್ ಅಂತ ತಮಾಷೆಯ ಕತೆ ಮಾತ್ರ ಹೇಳಿ ಬಿಟ್ಟರೆ ಆ ಮನುಷ್ಯ ಯಾರು ಅಂತ ಹೇಳಿದ ಹಾಗಾಗುವುದಿಲ್ಲವಲ್ಲ. ಕೊನೆಗೆ ಅರ್ಧ ವಾಕ್ಯ ಹಾಕಿ, ಅವರ ಪುಟಕ್ಕೆ ಕೊಂಡಿ ಕೊಟ್ಟೆ. ಯಾರಾದರೂ ತೆಗೆದರೆ ವಾದ ಮಾಡುತ್ತೇನೆ, ಆದರೆ ಹಟ ಹಿಡಿಯಲ್ಲ.

ಉಳಿದ ಭಾಗಗಳಲ್ಲಿ ಇಷ್ಟು ಒದ್ದಾಟವಿಲ್ಲ. ಪ್ರವಾಹದ ಭಾಗ ಸುಲಭ. ಡ್ರಿಫ್ಟ್‌ವುಡ್ ಮತ್ತು ಫ್ಲಾಟ್‌ರಾಕ್ ನದಿಗಳು ಕೂಡುವುದು ಈ ಊರಲ್ಲೇ. ಆದರೆ 2008ರ ಜೂನ್ 7ರಂದು ಆಸ್ಪತ್ರೆಗೆ ನುಗ್ಗಿ, ರೋಗಿಗಳನ್ನೆಲ್ಲ ಸಾಗಿಸುವ ಹಾಗೆ ಮಾಡಿದ್ದು ಈ ನದಿಗಳಲ್ಲ, ಹಾ ಕ್ರೀಕ್ ಅನ್ನುವ ಹಳ್ಳ. ಪ್ರಸಿದ್ಧರ ಪಟ್ಟಿಯದ್ದು ಬೇರೆ ಥರದ ಕಾಟ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಮೈಕ್ ಪೆನ್ಸ್ ಹುಟ್ಟಿದ್ದು ಇಲ್ಲೇ, ಕಾರು ರೇಸಿನ ಟೋನಿ ಸ್ಟೂವರ್ಟ್ ಕೂಡ ಇಲ್ಲಿಯವರು. ನನಗೆ ಇಷ್ಟವಾದ ಹೆಸರು ಚಕ್ ಟೇಲರ್. ಕಾನ್ವರ್ಸ್ ಕ್ಯಾನ್ವಾಸ್ ಬೂಟಿನ ಪಕ್ಕದಲ್ಲಿ ನಕ್ಷತ್ರದೊಳಗೆ ಒಬ್ಬರ ಸಹಿ ಇರುತ್ತದಲ್ಲ, ಅವರೇ. ಇಲ್ಲಿನ ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವರು. ಈ ಪಟ್ಟಿಗೆ ಆಗಾಗ ಯಾರೋ ತಮ್ಮ ಹೆಸರನ್ನೋ ಗೆಳೆಯನ ಬ್ಯಾಂಡಿನ ಹೆಸರನ್ನೋ ಸೇರಿಸಿ ಹೋಗುತ್ತಾರೆ. ಸುಮ್ನೆ ತೆಗೆಯುತ್ತೇನೆ. ಬೈಯುವಂಥದ್ದೇನೂ ಇಲ್ಲ, ಊರಿನ ಪುಟದಲ್ಲಿ ತಮ್ಮ ಹೆಸರು ಇರಲಿ ಅಂತ ಯಾರಿಗೆ ಆಸೆ ಇರಲ್ಲ?

ಇನ್ನು ಆ ಹನ್ನೊಂದು ಸಾವಿರ ಜನ. ಅದರಲ್ಲಿ ನಾವೂ ಸೇರಿದ್ದೇವೆ. ವಾರಾಂತ್ಯದಲ್ಲಿ ಪಾರ್ಕಿಗೆ ಹೋದರೆ ಕ್ರಿಕೆಟ್ ಆಡುವ ಹುಡುಗರ ಬಾಯಲ್ಲಿ ಮರಾಠಿ, ತಮಿಳು, ತೆಲುಗು, ಅಲ್ಲೊಂದು ಇಲ್ಲೊಂದು ಕನ್ನಡ. ಇದು ನನಗೆ ಕಣ್ಣಾರೆ ಗೊತ್ತು. ಆದರೆ ಪುಟಕ್ಕೆ ನನ್ನ ಕಣ್ಣು ಆಧಾರವಾಗುವುದಿಲ್ಲ. ಏಷ್ಯಾ ಮೂಲದವರು ಇಷ್ಟು ಶೇಕಡಾ ಅಂತ ಜನಗಣತಿ ಹೇಳುತ್ತದೆ, ಅಲ್ಲಿಗೆ ನಿಲ್ಲಬೇಕು.

ಇಲ್ಲಿ ಮರಾಠಿ ಯಾಕೆ ಜಾಸ್ತಿ ಅನ್ನುವುದಕ್ಕೆ ಮಾತ್ರ ಅಚ್ಚಿನಲ್ಲೇ ಸುಳಿವಿದೆ. 1962ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಕಮ್ಮಿನ್ಸ್ ಶುರುವಾಯಿತು. ಈ ಸಣ್ಣ ಊರಿನ ಕಂಪನಿ ಇಂಡಿಯಾದಲ್ಲಿ ಎಂಜಿನ್ ಮಾಡುವುದಕ್ಕೆ ಕೈಜೋಡಿಸಿದ್ದು ಶಂತನುರಾವ್ ಕಿರ್ಲೋಸ್ಕರ್ ಜೊತೆ. ಅವರ ತಂದೆ ಲಕ್ಷ್ಮಣರಾವ್ ಹುಟ್ಟಿದ್ದು ನಮ್ಮ ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಶುರು ಮಾಡಿದವರು. ಬೆಳಗಾವಿಯಲ್ಲಿ ಇವತ್ತಿಗೂ ಕಿರ್ಲೋಸ್ಕರ್ ರೋಡ್ ಇದೆ. ಕ್ಲೆಸ್ಸಿ ಸಾಹುಕಾರರ ಕಾರು ರಿಪೇರಿ ಮಾಡುತ್ತಿದ್ದವರು, ಲಕ್ಷ್ಮಣರಾವ್ ಸೈಕಲ್. ಇವರಿಬ್ಬರ ಹೆಸರು ಒಂದೇ ಬೋರ್ಡಿನ ಮೇಲೆ ಬಂದದ್ದು ನನಗೆ ಬಹಳ ಇಷ್ಟದ ಸಂಗತಿ. ಇಂಗ್ಲಿಷ್ ಪುಟದಲ್ಲಿ ಇದಕ್ಕೆ ಜಾಗವಿಲ್ಲ, ಇರಲೂ ಬಾರದು. ಅದು ಕಂಪನಿಯ ಪುಟಕ್ಕೆ ಸೇರಿದ್ದು. ಕನ್ನಡದಲ್ಲಿ ಇದೇ ಊರಿನ ಬಗ್ಗೆ ಬರೆಯುತ್ತಿರುವ ಕರಡು ನನ್ನ ಪ್ರಯೋಗಪುಟದಲ್ಲಿದೆ. ಅದರಲ್ಲಿ ಒಂದು ಸಾಲು ಹಾಕಿದ್ದೇನೆ. ಕನ್ನಡದಲ್ಲಿ ಓದುವವರಿಗೆ ಈ ಊರು ಯಾಕೆ ಗೊತ್ತಿರಬೇಕು ಅಂತ ಕೇಳಿದರೆ ಹೇಳುವುದಕ್ಕೆ ಒಂದು ಕಾರಣ ಬೇಕಲ್ಲ.

ಆ ಕರಡಿಗೆ ಫೋಟೋ ಬೇಕು. ಕೊಲಂಬಸ್ ಕಟ್ಟಡಗಳದ್ದು ನಾನೇ ತೆಗೆದು, ವಿಕಿಪೀಡಿಯದ ಚಿತ್ರಗಳನ್ನು ಇಡುವ ತಾಣವಾದ ಕಾಮನ್ಸ್‌ಗೆ ಹಾಕಬಹುದು, ತೊಂದರೆ ಇಲ್ಲ. ಹೆನ್ರಿ ಮೂರ್ ಕಮಾನಿನದ್ದು ಮಾತ್ರ ಹಾಕುವ ಹಾಗಿಲ್ಲ. ಅಮೆರಿಕದ ಕಾನೂನಿನಲ್ಲಿ ರಸ್ತೆಯಿಂದ ಕಾಣುವ ಕಟ್ಟಡದ ಚಿತ್ರ ಹಂಚಬಹುದು, ಶಿಲ್ಪದ ಚಿತ್ರಕ್ಕೆ ಆ ವಿನಾಯಿತಿ ಇಲ್ಲ. ಹಾಗಾಗಿ ಗ್ರಂಥಾಲಯದ ಫೋಟೋವನ್ನು ಕಮಾನು ಬರದ ಹಾಗೆ ಪಕ್ಕಕ್ಕೆ ನಿಂತು ತೆಗೆಯಬೇಕು. ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಉದಾರ. ಸಾರ್ವಜನಿಕ ಜಾಗದಲ್ಲಿ ಖಾಯಂ ಆಗಿ ನಿಲ್ಲಿಸಿದ ಪ್ರತಿಮೆಯ ಫೋಟೋ ತೆಗೆದು ಹಾಕಬಹುದು. ಸವದತ್ತಿ, ಬೆಳಗಾವಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಗುರ್ಲಹೊಸೂರಿನದ್ದೋ ಕಿರ್ಲೋಸ್ಕರ್ ರೋಡಿನದ್ದೋ ಒಂದು ಒಳ್ಳೆಯ ಫೋಟೋ ತೆಗೆದು, ಯಾರು ಬೇಕಾದರೂ ಬಳಸಬಹುದು ಅನ್ನುವ ಮುಕ್ತ ಪರವಾನಗಿಯಲ್ಲಿ ಕಾಮನ್ಸ್‌ಗೆ ಹಾಕಿ. ನೀವೇ ತೆಗೆದದ್ದಾಗಿರಬೇಕು, ಫಾರ್ವರ್ಡ್ ಬಂದದ್ದು ಬೇಡ. ತಾರೀಖು, ಜಾಗ ಬರೆಯಲು ಮರೆಯಬೇಡಿ. ಬೆಳಗಿನ ಹೊತ್ತು ತೆಗೆದರೆ ಬೋರ್ಡಿನ ಅಕ್ಷರ ಚೆನ್ನಾಗಿ ಬರುತ್ತದೆ.